ಸಾವಿರ ಮಂದಿ, ಒಂದೂ ಉತ್ತರವಿಲ್ಲ

ಈ ಸಲದ ಮಳೆ ಚಿಕ್ಕಮಗಳೂರಿನಲ್ಲಿ ಹೂಗಿಡಗಳಿಗೆ ಮೈ ಒಣಗಿಸಿಕೊಳ್ಳಲೂ ಬಿಡುವು ಕೊಡಲಿಲ್ಲ. ನಮ್ಮ ಮನೆಯ ಬಿಳಿ ಡೇರೆಯ (ಡೇಲಿಯಾ ಹೂವಿನ) ಮೊಗ್ಗುಗಳು ಅರಳುವ ಮೊದಲೇ ಕಪ್ಪಗಾಗಿ, ಬೆರಳು ತಾಗಿದರೆ ಸಾಕು ಕಳಚಿ ಕೈಗೆ ಬರತೊಡಗಿದಾಗ, ನಾನು ಕೊಡೆ ಹಿಡಿದುಕೊಂಡೇ ಅವುಗಳ ಫೋಟೋ ತೆಗೆದು, ನಮ್ಮ ಡೇರೆ ಹೂವಿನ ವಾಟ್ಸಾಪ್ ಬಳಗಕ್ಕೆ ಹಾಕಿ, ‘ಇದಕ್ಕೇನು ಮಾಡಬೇಕು, ತಿಳಿದವರು ದಯವಿಟ್ಟು ಹೇಳಿ’ ಎಂದು ಕೇಳಿದೆ. ಬಳಗದಲ್ಲಿ ಅಂದು 983 ಸದಸ್ಯರಿದ್ದರು. ರಾತ್ರಿಯ ಹೊತ್ತಿಗೆ ನನಗೆ ದೊರೆತದ್ದು ಒಂದು ಹೆಬ್ಬೆರಳು, ಎರಡು ಜೋಡಿ ಮುಗಿದ ಕೈಗಳು ಮತ್ತು ಒಬ್ಬ ಮಹನೀಯರ ‘ಸೂಪರ್ ಮೇಡಂ, ಕಪ್ಪು ಡೇರೆ ತುಂಬಾ ಅಪರೂಪ’ ಎಂಬ ಮೆಚ್ಚುಗೆ. ಅದರ ಕೆಳಗೇ ಬಳಗದ ಅಡ್ಮಿನ್ ರಾಯರು ಪ್ರಕಟಣೆ ಹೊರಡಿಸಿದರು: ‘ಇನ್ನು ಕೇವಲ 17 ಮಂದಿ ಸೇರಿದರೆ ನಾವು ಸಾವಿರ! ಎಲ್ಲರೂ ತಲಾ ಒಬ್ಬರನ್ನು ಕರೆತನ್ನಿ.’ ಎಲ್ಲರೂ ತಲಾ ಒಬ್ಬರನ್ನು ಕರೆತಂದರೆ 1,966 ಆಗುತ್ತದೆ, ವಾಟ್ಸಾಪ್ ಗುಂಪಿನಲ್ಲಿ 1,024ಕ್ಕಿಂತ ಹೆಚ್ಚು ಜನರಿಗೆ ಜಾಗವೇ ಇಲ್ಲ ಎಂಬುದನ್ನು ಯಾರೂ ಅವರಿಗೆ ಹೇಳಲಿಲ್ಲ. ಹೇಳುವುದಕ್ಕೆ ಅಲ್ಲಿ ಯಾರಾದರೂ ಮಾತನಾಡಬೇಕಲ್ಲ.

ರಾಯರು ಕೆಟ್ಟವರಲ್ಲ. ಬ್ಯಾಂಕಿನಲ್ಲಿದ್ದಷ್ಟು ಕಾಲ ಪ್ರತಿ ಮಾರ್ಚ್ ತಿಂಗಳಲ್ಲಿ ಠೇವಣಿಯ ಗುರಿ ಮುಟ್ಟಿಸಲು ಊರೂರು ಅಲೆದವರು, ನಿವೃತ್ತಿಯ ನಂತರ ಆ ಅಲೆದಾಟಕ್ಕೆ ಡೇರೆ ಹೂವನ್ನು ಹಿಡಿದುಕೊಂಡಿದ್ದಾರೆ. 2017ರಲ್ಲಿ ನಲವತ್ತು ಮಂದಿಯಿಂದ ಬಳಗ ಆರಂಭವಾದಾಗ ಗುಂಪಿನ ಮಿತಿ 256 ಇತ್ತು. 2022ರಲ್ಲಿ ಅದು 512ಕ್ಕೆ ಏರಿದಾಗ ರಾಯರ ಮನೆಯಲ್ಲಿ ಪಾಯಸವಾಯಿತು. ಅದೇ ವರ್ಷ ಮತ್ತೆ 1,024 ಆದಾಗ ಹೋಳಿಗೆಯೇ ಆಯಿತು. ಎರಡರ ಫೋಟೋಗಳೂ ಬಳಗದಲ್ಲಿವೆ. ಅಂದಿನಿಂದ ಅವರ ಕಣ್ಣಿಗೆ ಬಿದ್ದ ಯಾರೂ ಸದಸ್ಯತ್ವದಿಂದ ತಪ್ಪಿಸಿಕೊಂಡಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಕೋಸಂಬರಿ ಬಡಿಸುವಷ್ಟರಲ್ಲಿ ನಂಬರು ಕೊಟ್ಟಿರುತ್ತಾರೆ, ಅನ್ನ ಬರುವಷ್ಟರಲ್ಲಿ ಸೇರ್ಪಡೆಯಾಗಿರುತ್ತಾರೆ. ಕುಕ್ಕರ್ ರಿಪೇರಿಯವನು, ಗ್ಯಾಸ್ ತರುವವನು, ರಾಯರ ಹಲ್ಲು ಕಿತ್ತ ವೈದ್ಯರು, ಆ ವೈದ್ಯರ ಬಳಿ ಚೀಟಿ ಬರೆಯುವ ಹುಡುಗಿ, ಎಲ್ಲರೂ ಇದ್ದಾರೆ. ‘ನಾವು ಮೂರನೇ ಮಹಡಿಯಲ್ಲಿದ್ದೇವೆ, ಮಣ್ಣೇ ಇಲ್ಲ ಸಾರ್’ ಎಂದವರಿಗೆ ‘ಕುಂಡದಲ್ಲೂ ಬರುತ್ತದೆ’ ಎಂಬ ಉತ್ತರ ಸಿದ್ಧವಾಗಿದೆ. ಡೇರೆಯ ತವರು ಮೆಕ್ಸಿಕೋ, 1963ರಲ್ಲಿ ಆ ದೇಶ ಅದನ್ನು ರಾಷ್ಟ್ರೀಯ ಹೂವೆಂದು ಘೋಷಿಸಿತು ಎಂದು ನಾನೇ ಒಮ್ಮೆ ಬಳಗದಲ್ಲಿ ಬರೆದಿದ್ದೆ. ಅದಕ್ಕೆ ರಾಯರಿಂದ ಬಂದ ಒಂದೇ ಪ್ರಶ್ನೆ, ‘ಮೆಕ್ಸಿಕೋದಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?’

ಗುಂಪಿನಿಂದ ಹೊರಬೀಳುವುದೂ ಸುಲಭವಲ್ಲ. ಯಾರಾದರೂ ಬಿಟ್ಟು ಹೋದರೆ ಎಲ್ಲರಿಗೂ ಡಂಗುರವಾಗದೆ ಅಡ್ಮಿನ್‌ಗೆ ಮಾತ್ರ ತಿಳಿಯುವ ವ್ಯವಸ್ಥೆಯನ್ನು ವಾಟ್ಸಾಪ್ 2022ರಲ್ಲಿ ತಂದಿತು. ಮರ್ಯಾದಸ್ಥರು ಸದ್ದಿಲ್ಲದೆ ಹೋಗಲಿ ಎಂಬುದು ಅವರ ಉದ್ದೇಶವಿರಬಹುದು. ಆದರೆ ಆ ಸುದ್ದಿ ತಲುಪುವ ಒಬ್ಬನೇ ಒಬ್ಬ ವ್ಯಕ್ತಿ ನಮ್ಮ ರಾಯರಾಗಿರುವುದರಿಂದ, ಐದು ನಿಮಿಷದೊಳಗೆ ಫೋನು ಬರುತ್ತದೆ: ‘ನಿಮ್ಮ ಬೆರಳು ತಾಗಿ ಹೊರಗೆ ಹೋಗಿದ್ದೀರಿ, ನಾನು ಮತ್ತೆ ಸೇರಿಸಿದ್ದೇನೆ, ಚಿಂತೆ ಬೇಡ.’

ಹೀಗೆ ಸೇರಿದ ಜನರೆಲ್ಲ ಏನು ಮಾಡುತ್ತಾರೆ ಎಂಬುದು ನನ್ನನ್ನು ಬಹಳ ಕಾಡಿದ ವಿಷಯ. ಗುಂಪಿನಲ್ಲಿ ನಾವು ಹಾಕಿದ ಸಂದೇಶಕ್ಕೆ ಎರಡನೆಯ ಗುರುತು ಬೀಳುವುದು ಅದು ಎಲ್ಲರ ಫೋನನ್ನೂ ತಲುಪಿದಾಗ. ನೀಲಿ ಬಣ್ಣ ಬರುವುದು ಎಲ್ಲರೂ ಓದಿದಾಗ. ನಮ್ಮ ಬಳಗದಲ್ಲಿ ಈಚಿನ ವರ್ಷಗಳಲ್ಲಿ ಯಾವ ಸಂದೇಶವೂ ನೀಲಿಯಾದದ್ದನ್ನು ನಾನು ಕಂಡಿಲ್ಲ. ಇಷ್ಟು ಜನರಲ್ಲಿ ಅನೇಕರು ನಂಬರು ಬದಲಿಸಿ, ಖಾತೆಯನ್ನೇ ಮರೆತಿರಬಹುದು ಎಂದುಕೊಂಡಿದ್ದೆ. ಆದರೆ ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ಕಂಪನಿಯೇ ಅಳಿಸಿಹಾಕುತ್ತದೆಯಾದ್ದರಿಂದ, ಉಳಿದಿರುವವರೆಲ್ಲ ಜೀವಂತವಾಗಿದ್ದಾರೆ ಎಂದೇ ನಂಬಬೇಕು. ಅವರು ದಿನವೂ ಸ್ಟೇಟಸ್ ಹಾಕುತ್ತಾರೆ, ಮಗುವಿನ ನಾಮಕರಣದ ಚಿತ್ರ ಹಾಕುತ್ತಾರೆ, ನಡುರಾತ್ರಿಯಲ್ಲೂ ಆನ್‌ಲೈನ್ ಇರುತ್ತಾರೆ. ಕೊಳೆತ ಮೊಗ್ಗಿನ ಮುಂದೆ ಮಾತ್ರ ಮೌನವ್ರತ.

ಈ ವ್ರತ ಮುರಿಯುವುದು ವರ್ಷಕ್ಕೊಮ್ಮೆ. ಹೂವಿನ ಕಾಲ ಮುಗಿದು, ಗಿಡ ಒಣಗಿ, ಗಡ್ಡೆ ಕಿತ್ತಿಟ್ಟವರು ಮೇ ತಿಂಗಳಲ್ಲಿ ಮೊದಲ ಮಳೆ ಬೀಳುತ್ತಲೇ ‘ಹೆಚ್ಚುವರಿ ಗಡ್ಡೆಗಳಿವೆ, ಬೇಕಾದವರು ತಿಳಿಸಿ’ ಎಂದು ಬರೆದರೆ ಸಾಕು, ಹೆಸರೇ ಕೇಳಿರದ ನೂರಾರು ಜನ ‘ನನಗೂ ಒಂದು’, ‘ನನಗೂ ಒಂದು’ ಎಂದು ಎದ್ದು ನಿಲ್ಲುತ್ತಾರೆ. ಪಕ್ಕದ ಜಿಲ್ಲೆಯ ಹಾಸನಾಂಬೆಯ ಬಾಗಿಲಾದರೂ ಆಶ್ವಯುಜದಲ್ಲಿ ತೆರೆದರೆ ಬಲಿಪಾಡ್ಯಮಿಯ ಆಸುಪಾಸಿನವರೆಗೆ ದರ್ಶನ ಕೊಡುತ್ತದೆ. ನಮ್ಮ ಸದಸ್ಯರ ಬಾಗಿಲು ಗಡ್ಡೆ ಖಾಲಿಯಾದ ಸಂಜೆಗೇ ಮುಚ್ಚುತ್ತದೆ. ಪಡೆದ ಗಡ್ಡೆ ಮೊಳೆಯಿತೋ ಕೊಳೆಯಿತೋ, ಬಿಟ್ಟ ಹೂವು ಕೆಂಪೋ ಹಳದಿಯೋ, ಕೊಟ್ಟವರಿಗೆ ಒಂದು ಮಾತು ಬರುವುದಿಲ್ಲ. ಒಬ್ಬರು ಮಾತ್ರ ಆಗಸ್ಟ್‌ನಲ್ಲಿ ನನಗೆ ಪ್ರತ್ಯೇಕವಾಗಿ ಬರೆದಿದ್ದರು: ‘ನೀವು ಕೊಟ್ಟದ್ದು ಮೊಳೆಯಲಿಲ್ಲ, ಬದಲಿ ಕೊಡುವುದು ಯಾವಾಗ?’

ಹೀಗಿರಲಿಲ್ಲ ನಮ್ಮ ಬಳಗ. ನಲವತ್ತು ಜನರಿದ್ದಾಗ ಕೊಪ್ಪದ ಕಡೆಯ ಅಮ್ಮ ಒಬ್ಬರು (ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು) ಟೈಪ್ ಮಾಡಲು ಬಾರದೆ ಧ್ವನಿ ಸಂದೇಶ ಕಳಿಸುತ್ತಿದ್ದರು. ಹಿಂದಿನಿಂದ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು, ನಡುವೆ ಒಮ್ಮೆ ಕೆಲಸದವಳಿಗೆ ‘ಆ ಬುಟ್ಟಿ ಅಲ್ಲ ಕಣೆ’ ಎಂಬ ಕೂಗು, ಆಮೇಲೆ ನಮಗೆ ಪಾಠ: ‘ಡೇರೆ ಗಡ್ಡೆ ಎಷ್ಟು ದಪ್ಪ ಇದ್ರೂ ಕುತ್ತಿಗೆ ಮುರಿದ್ರೆ ಮೊಳಿಯೋದಿಲ್ಲ ಕಣ್ರೇ, ಕಣ್ಣು ಇರೋದು ಕುತ್ತಿಗೇಲಿ. ದಂಟಿನ ತುಂಡು ಒಂಚೂರು ಬಿಟ್ಟು ಕುಯ್ಯಿ.’ ಅವರು ಒಣ ಬೂದಿಯಲ್ಲಿ ಹೊರಳಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ ಕಳಿಸಿದ ಹಳದಿ ಡೇರೆಯ ಗಡ್ಡೆ ಕೊಪ್ಪದ ಸಹಕಾರ ಸಾರಿಗೆಯ ಬಸ್ಸಿನಲ್ಲಿ ಕಂಡಕ್ಟರ ಕೈಯಿಂದ ನನ್ನ ಕೈಗೆ ಬಂದಿತ್ತು. ಕಾರ್ಮಿಕರೇ ಕಟ್ಟಿ ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತವು. ಅಮ್ಮನ ಧ್ವನಿ ಸಂದೇಶಗಳೂ ಬಳಗ ಮುನ್ನೂರು ದಾಟಿದ ಮೇಲೆ ನಿಂತವು. ನಿಧಾನವಾಗಿ ಬೂದಿಯ ವಿಷಯ ಹೇಳುತ್ತಿದ್ದ ಅವರ ಮಾತಿನ ಮೇಲೆ ಒಂದೇ ಬೆಳಗಿನಲ್ಲಿ ಹನ್ನೊಂದು ಶುಭೋದಯ, ಒಂದು ಸೈಟು ಮಾರಾಟ ಮತ್ತು ಸಕ್ಕರೆ ಕಾಯಿಲೆಗೆ ಹಾಗಲಕಾಯಿಯ ಮದ್ದು ಬಂದು ಬಿದ್ದಿದ್ದವು. ಫೋನು ಮಾಡಿದಾಗ ಅವರು ಹೇಳಿದ್ದಿಷ್ಟೆ: ‘ನೋಡ್ತಾ ಇರ್ತೀನಿ ಮಾರಾಯ್ತಿ. ಯಾರು ಕೇಳ್ತಿದಾರೆ ಅಂತ ಗೊತ್ತಾಗದೆ ಮಾತು ಹೊರಡಲ್ಲ.’

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಮಗಳ ಬಳಿ ಇದನ್ನೆಲ್ಲ ಹೇಳಿಕೊಂಡಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಜೇಕಬ್ ನೀಲ್ಸನ್ ಎಂಬ ತಜ್ಞರು 2006ರಲ್ಲೇ ಇಂಥ ಆನ್‌ಲೈನ್ ಕೂಟಗಳ ಲೆಕ್ಕ ಬರೆದಿಟ್ಟಿದ್ದಾರೆ: ನೂರರಲ್ಲಿ ತೊಂಬತ್ತು ಮಂದಿ ಸುಮ್ಮನೆ ನೋಡುತ್ತಾರೆ, ಒಂಬತ್ತು ಮಂದಿ ಆಗೀಗ ಬಾಯಿ ಬಿಡುತ್ತಾರೆ, ಉಳಿದ ಒಬ್ಬನೇ ಬಹುಪಾಲು ಮಾತನ್ನೆಲ್ಲ ಆಡುತ್ತಾನೆ. ಇದು ನನಗೆ ಸಮಾಧಾನ ಕೊಡಲಿಲ್ಲ. ಈ ಲೆಕ್ಕದ ಪ್ರಕಾರ ನಲವತ್ತು ಜನರ ಕಾಲದಲ್ಲಿ ನಾಲ್ವರು ಮಾತ್ರ ಬಾಯಿ ಬಿಡಬೇಕಿತ್ತು. ಆದರೆ ಆಗ ನಲವತ್ತೂ ಮಂದಿ ಒಟ್ಟಿಗೇ ಮಾತನಾಡಿ ತಲೆ ತಿನ್ನುತ್ತಿದ್ದರು. ರಾಯರ ಕಣ್ಣಾದರೂ ತೆರೆಯಲಿ ಎಂದು ನಾನು ಈ ಲೆಕ್ಕವನ್ನು ಅವರಿಗೆ ಕಳಿಸಿದೆ. ಅವರು ಕ್ಯಾಲ್ಕುಲೇಟರ್ ಹಿಡಿದು ಕುಳಿತಿರಬೇಕು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಅತ್ಯುತ್ತಮ ಮಾಹಿತಿ ಮೇಡಂ. ಅಂದರೆ ನೂರು ಜನ ಮಾತನಾಡಬೇಕಾದರೆ ಸಾವಿರ ಜನ ಬೇಕೇ ಬೇಕು. ನಾನು ಮೊದಲಿನಿಂದಲೂ ಹೇಳುತ್ತಿರುವುದು ಇದನ್ನೇ.’

ಅದೇ ವಾರ ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದಾಗ ಅಪರಿಚಿತರೊಬ್ಬರು ಎದುರು ನಿಂತು, ‘ಮೇಡಂ, ನಿಮ್ಮ ಬಿಳಿ ಡೇರೆ ಮೊಗ್ಗು ಈಗ ಹೇಗಿದೆ? ಕೊಳೆತದ್ದನ್ನೆಲ್ಲ ಕಿತ್ತು ದೂರ ಎಸೆದುಬಿಡಿ, ಬುಡದ ಎಲೆ ಸವರಿ ಗಾಳಿಯಾಡುವ ಹಾಗೆ ಮಾಡಿ, ಕುಂಡದಲ್ಲಿದ್ದರೆ ಸೂರಿನಡಿಗೆ ಎಳೆದಿಡಿ. ಹೋದ ವರ್ಷ ನಮ್ಮನೆಯಲ್ಲೂ ಹಾಗೇ ಆಗಿತ್ತು’ ಎಂದರು. ನಾನು ಮೂರು ವರ್ಷಗಳಲ್ಲಿ ಹಾಕಿದ ಪ್ರತಿ ಹೂವಿನ ಬಣ್ಣವೂ ಅವರಿಗೆ ನೆನಪಿತ್ತು. ಇಷ್ಟು ತಿಳಿದಿದ್ದರೂ ಅಲ್ಲೇ ಏಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ ಅವರು ನಿಜಕ್ಕೂ ಬೆರಗಾದರು. ‘ಅಲ್ಲಿ ಸಾವಿರ ಜನ ಇದಾರಲ್ಲ ಮೇಡಂ, ಯಾರಾದ್ರೂ ಹೇಳಿರ್ತಾರೆ ಅಂದ್ಕೊಂಡೆ.’

ಸಾವಿರದ ಆ ಶುಭದಿನ ಮೊನ್ನೆಯ ಭಾನುವಾರ ಬಂದಿತು. ರಾಯರು ಅದಕ್ಕಾಗಿ ಮೊಮ್ಮಗನಿಂದ ಪೋಸ್ಟರ್ ಮಾಡಿಸಿದ್ದರು. ನಡುವೆ ಅಂಡಾಕಾರದ ಚೌಕಟ್ಟಿನಲ್ಲಿ ರಾಯರ ಕೋಟು ತೊಟ್ಟ ಹಳೆಯ ಭಾವಚಿತ್ರ, ಚೌಕಟ್ಟಿನ ಸುತ್ತಲೂ ಡೇರೆ ಹೂವುಗಳ ದಟ್ಟ ಮಾಲೆ, ಎಡಬಲದಲ್ಲಿ ಉರಿಯುವ ಎರಡು ದೀಪಗಳು, ಕೆಳಗೆ ದಿನಾಂಕ. ‘ಸಾವಿರ ಸದಸ್ಯರ ಸಂಭ್ರಮ’ ಎಂಬ ಸಾಲು ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಇದನ್ನು ಬೆಳಗ್ಗೆ ಆರಕ್ಕೆ ಬಳಗಕ್ಕೆ ಹಾಕಿ, ಫೋನನ್ನು ಮನೆಯಲ್ಲೇ ಚಾರ್ಜಿಗಿಟ್ಟು, ರಾಯರು ರತ್ನಗಿರಿ ಬೋರೆಯ ಕಡೆ ವಾಕಿಂಗ್ ಹೊರಟರು.

ಸೇರಿದಂದಿನಿಂದ ತುಟಿ ಬಿಚ್ಚಿರದ ಕಡೂರಿನ ಸದಸ್ಯರೊಬ್ಬರು ಆರೂ ಹತ್ತಕ್ಕೆ ‘ಓಂ ಶಾಂತಿ’ ಎಂದು ಬರೆದರು. ತರೀಕೆರೆಯಿಂದ ಎರಡು, ಮೂಡಿಗೆರೆಯಿಂದ ನಾಲ್ಕು ‘ಓಂ ಶಾಂತಿ’ ಹಿಂಬಾಲಿಸಿದವು. ಏಳು ಗಂಟೆಯ ಹೊತ್ತಿಗೆ ಭಾವಪೂರ್ಣ ಶ್ರದ್ಧಾಂಜಲಿಗಳು ಆರಂಭವಾದವು. ರಾಯರನ್ನು ಕಣ್ಣಾರೆ ಕಾಣದವರು ಅವರ ಸರಳ ಸಜ್ಜನಿಕೆಯನ್ನು ನೆನೆದರು. ‘ಮೊನ್ನೆ ತಾನೇ ಬೀನ್ಸ್ ಕೊಳ್ಳುವಾಗ ಸಿಕ್ಕಿದ್ದರು, ನಂಬಲಾಗುತ್ತಿಲ್ಲ’ ಎಂದು ಒಬ್ಬರು ಬರೆದರೆ, ‘ಬೀನ್ಸ್ ಆರಿಸುವುದರಲ್ಲೂ ಅವರದು ಶಿಸ್ತು’ ಎಂದು ಇನ್ನೊಬ್ಬರು ಒತ್ತಾಸೆಯಾದರು. ಅಂತ್ಯಕ್ರಿಯೆ ಎಷ್ಟು ಹೊತ್ತಿಗೆ ಎಂದು ಕೇಳಿದವರು ಮೂವರು. ‘ಪೋಸ್ಟರ್ ಸರಿಯಾಗಿ ಓದಿ’ ಎಂದು ನಾನು ಬರೆದದ್ದು ಮುಗಿದ ಕೈಗಳ ನಡುವೆ ಎಲ್ಲಿ ಕೊಚ್ಚಿಹೋಯಿತೋ ತಿಳಿಯಲಿಲ್ಲ.

ವಾಕಿಂಗ್ ಮುಗಿಸಿ ಬಂದ ರಾಯರು ಫೋನು ನೋಡಿ, ‘ನಾನು ಆರೋಗ್ಯವಾಗಿದ್ದೇನೆ. ಇದು ಸಂಭ್ರಮದ ಪೋಸ್ಟರ್’ ಎಂದು ಬರೆದರು. ಕೆಳಗೇ ಹೊಸದಾಗಿ ಎಂಟು ‘ಓಂ ಶಾಂತಿ’ ಬಂದವು. ಬರೆದರೆ ಆಗುವುದಿಲ್ಲವೆಂದು ಅವರು ಗಂಟಲು ಸರಿಪಡಿಸಿಕೊಂಡು ಧ್ವನಿ ಸಂದೇಶ ಕಳಿಸಿದರು. ಅದಕ್ಕೆ ಶೃಂಗೇರಿಯ ಸದಸ್ಯೆಯೊಬ್ಬರು ಅಳುವ ಮುಖಗಳನ್ನು ಹಾಕಿ, ‘ಈ ಧ್ವನಿಯನ್ನು ಇನ್ನು ಕೇಳಲಾರೆವಲ್ಲ’ ಎಂದು ಉತ್ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಶೋಕ ಸ್ವಲ್ಪ ಇಳಿದಂತೆ ಕಂಡಾಗ, ಬಳಗಕ್ಕೆ ಬಂದು ವರ್ಷಗಳಾದರೂ ಒಂದಕ್ಷರ ಬರೆದಿರದ ಮತ್ತೊಬ್ಬರು ಬಹಳ ಗೌರವದಿಂದ ಹೀಗೆ ಕೇಳಿದರು: ‘ದಿವಂಗತರ ಮನೆಯಲ್ಲಿ ಕೆನೆಬಣ್ಣದ ದೊಡ್ಡ ಡೇರೆ ಇತ್ತು. ಕುಟುಂಬದವರು ಗಡ್ಡೆ ಹಂಚುವುದಾದರೆ ನನಗೊಂದು ಇಡಿ.’ ಹತ್ತು ನಿಮಿಷಗಳಲ್ಲಿ ಇಪ್ಪತ್ತಾರು ಮಂದಿ ‘ನನಗೂ ಒಂದು’ ಎಂದರು.

ಅವಮಾನದಿಂದ ರಾಯರು ಬಳಗವನ್ನೇ ಮುಚ್ಚಿಯಾರು ಎಂದು ಹೆದರಿ ಮರುದಿನ ನಾನೇ ಫೋನು ಮಾಡಿದೆ. ಅವರ ದನಿಯಲ್ಲಿ ಮಾರ್ಚ್ 31ರ ಸಂಜೆ ಗುರಿ ಮುಟ್ಟಿಸಿದ ಉತ್ಸಾಹವಿತ್ತು.

‘ಎಣಿಸಿದೆ ಮೇಡಂ. ಒಂದೇ ದಿನದಲ್ಲಿ 140 ಜನ ಮಾತನಾಡಿದ್ದಾರೆ. ಸಾವಿರಕ್ಕೆ 140 ಅಂದರೆ ಶೇಕಡಾ 14. ನಿಮ್ಮ ನೀಲ್ಸನ್ ಹೇಳಿದ್ದು ಹತ್ತೇ ಅಲ್ಲವೇ?’

1,024 ತುಂಬಿದ ದಿನಕ್ಕೆ ಇನ್ನೊಂದು ಪೋಸ್ಟರ್ ಮಾಡಿಸುತ್ತಾರಂತೆ. ಆ ದೀಪಗಳೆರಡನ್ನಾದರೂ ತೆಗೆಸಿ ರಾಯರೇ ಎಂದು ಕೇಳಿಕೊಂಡೆ. ಅವರು ಒಪ್ಪಲಿಲ್ಲ.

‘ದೀಪ ಇರಲಿ ಮೇಡಂ. ಜನ ಮಾತನಾಡಿದ್ದೇ ಅದರಿಂದ.’