ಮುನಿಸಲ್ಲ ಸ್ವಾಮಿ, ಚೈಲ್ಡ್ ಲಾಕು

ಭಾನುವಾರದಿಂದ ಮನೆಯಲ್ಲಿ ನನಗೆ ಒಂದೇ ಸಮ ಮಂಗಳಾರತಿ. ಕಾರಣ, ಕಾರಿನ ಹಿಂದಿನ ಬಾಗಿಲು.

ಹೊಸ ಎಸ್‌ಯುವಿ. ಏರ್‌ಬ್ಯಾಗೇ ಆರು. ಮೈಸೂರಿನಿಂದ ಮಂಡ್ಯದ ಮದುವೆಗೆ ನಾನು, ದೊಡ್ಡಪ್ಪ ಇಬ್ಬರೇ ಹೊರಟೆವು. ಮುಂದಿನ ಸೀಟಿನಲ್ಲಿ ಚಿಕ್ಕಮ್ಮನಿಗೆಂದು ಹಲಸಿನಹಣ್ಣು. ಅದನ್ನೂ ಮನುಷ್ಯ ಅಂದುಕೊಂಡ ಕಾರು ಬೆಲ್ಟ್ ಹಾಕೋ ಅಂತ ಕುಂಯ್‌ಗುಟ್ಟಿತು. ಹಾಕಿದೆ. ಹೆದ್ದಾರಿಯಲ್ಲಿ 80 ದಾಟಿದರೆ ಆಗಾಗ ಗೊಣಗುತ್ತೆ, 120 ದಾಟಿದರೆ ಬಾಯೇ ಮುಚ್ಚಲ್ಲ. 2019ರ ಜುಲೈನಿಂದ ಹೊಸ ಕಾರಿಗೆಲ್ಲ ಈ ಕೂಗು ಕಡ್ಡಾಯ.

ದೊಡ್ಡಪ್ಪನ ಕೈ ಪಳಗಿದ್ದು ಅಂಬಾಸಿಡರ್ ಬಾಗಿಲ ಮೇಲೆ. ಧಡ್ ಅಂತ ಹಾಕುತ್ತಾರೆ. "ಮೆತ್ತಗೆ ದೊಡ್ಡಪ್ಪ" ಅಂದರೆ, ಸರಿಯಾಗಿ ಕೂತಿತೋ ಇಲ್ವೋ ಅಂತ ತೆಗೆದು ಇನ್ನೊಂದು ಸಲ ಧಡ್!

ಕಲ್ಯಾಣ ಮಂಟಪದ ಮುಂದೆ ಹೊಂಗೆ ನೆರಳಲ್ಲಿ ನಿಲ್ಲಿಸಿದೆ. ಯಾರೋ ಕೂಗಿದರು. ಇಳಿದವನೇ ಅಭ್ಯಾಸಬಲದಿಂದ ರಿಮೋಟ್ ಒತ್ತಿ ಹೋದೆ. ಮಗಳಿಗೆಂದು ಹಿಂದಿನ ಬಾಗಿಲಂಚಿನ ಪುಟ್ಟ ಚೈಲ್ಡ್ ಲಾಕ್ ಹಾಕಿದ್ದು ಮರೆತೇಹೋಗಿತ್ತು. ಅದನ್ನು ಹಾಕಿದರೆ ಒಳಗಿನ ಹಿಡಿ ಎಷ್ಟು ಎಳೆದರೂ ಸುಮ್ನೆ ಆಡುತ್ತೆ, ಬಾಗಿಲು ತೆಗೆಯಲ್ಲ. ಗಾಜು ಇಳಿಸೋಣ ಅಂದರೆ ಇಂಜಿನ್ ಆಫ್. ಮುಂದಕ್ಕೆ ದಾಟೋಣ ಅಂದರೆ ರೇಷ್ಮೆ ಪಂಚೆ, ಎದುರಿಗೆ ಹಲಸು.

ಹಿರಿಯರು ಕಾರಿಂದ ಇಳೀತಿಲ್ಲ ಅಂತ ಸುದ್ದಿ ಹಬ್ಬಿತು. ಇದಿರುಗೊಳ್ಳಲಿಲ್ಲ ಅಂತ ಮುನಿಸು, ಇನ್ನೇನು? ಹೆಣ್ಣಿನ ತಂದೆ ಓಡಿಬಂದು ಗಾಜಿನ ಹೊರಗೆ ಕೈಮುಗಿದರು. ದೊಡ್ಡಪ್ಪ ಒಳಗಿಂದ ಬಾಗಿಲು ತೋರಿಸಿ ಕೈಯಾಡಿಸಿದರು. "ಹೋಗಿ ಅಂತಿದಾರೆ" ಅಂದರು ಯಾರೋ. ಪನ್ನೀರು ಬಂತು. ಓಲಗದವರೂ ಬಂದರು. ಹೆಣ್ಣಿನ ತಾಯಿ ಕಣ್ಣೊರೆಸಿಕೊಂಡರು. ನಾನು ಬಂದು ರಿಮೋಟ್ ಒತ್ತಿ ಬಾಗಿಲು ತೆಗೆದಾಗ ದೊಡ್ಡಪ್ಪ ಗಂಭೀರವಾಗಿ ಇಳಿದು, ಧಡ್ ಅಂತ ಹಾಕಿದರು.

ಇವರೇ ಒಂದು ಕಾಲಕ್ಕೆ ಏಳು ಮಕ್ಕಳನ್ನು ತುಂಬಿಕೊಂಡು ಕೆಆರ್‌ಎಸ್ ದೀಪ ತೋರಿಸೋಕೆ ಕರೆದೊಯ್ದವರು. ಚಿಲಕ ಕೆಟ್ಟ ಬಾಗಿಲಿಗೆ ತೆಂಗಿನ ಹಗ್ಗ. "ಬಾಗ್ಲು ಮುಟ್ಬೇಡ್ರಲಾ" ಅನ್ನೋ ಅವರ ಒಂದು ಗದರಿಕೆಯೇ ನಮ್ಮ ಚೈಲ್ಡ್ ಲಾಕು.

ಊಟದಲ್ಲಿ ಅವರ ಎಲೆಗೆ ನಾಲ್ಕು ಸಲ ಒಬ್ಬಟ್ಟು ಬಂತು, ತುಪ್ಪದ ಸಮೇತ. ವಾಪಸ್ ಬರುವಾಗ ಆ ಲಾಕು ತೆಗೆಯೋಕೆ ಹೋದೆ.

"ಇರ್ಲಿ ಬುಡ್ಲಾ ಮಗ. ಬರೋ ವಾರ ಮದ್ದೂರಲ್ಲೊಂದು ಮದ್ವೆ ಅದೆ."