ಫೋನ್ ಎತ್ತುವ ಕೆಲಸ ನಮ್ಮವರಿಗೇ ಇರಲಿ

ನೌಕರರನ್ನು ಇಟ್ಟುಕೊಳ್ಳುವುದಕ್ಕಿಂತ ಹೊರಗುತ್ತಿಗೆಯೇ ಅಗ್ಗ ಎಂದು ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಲೆಕ್ಕಪತ್ರ, ತೆರಿಗೆಯಂಥವು ತಿಂಗಳಿಗೆ ಎರಡು ಮೂರು ದಿನದ ಕೆಲಸ. ಅದಕ್ಕೆ ಪೂರ್ತಿ ಸಂಬಳ ಕೊಡುವುದು ದಂಡವೇ ಸರಿ. ಆದರೆ ಕೊಳಾಯಿ ರಿಪೇರಿಯ ನನ್ನ ಉದ್ಯಮದಲ್ಲಿ ಫೋನ್ ಎತ್ತುವ ಕೆಲಸವನ್ನು ಹೊರಗೆ ಕೊಟ್ಟು ಕೈ ಸುಟ್ಟುಕೊಂಡೆ. ‘ನೀರು ಸೋರುತ್ತಿದೆ’ ಎಂದು ಗ್ರಾಹಕರು ಹೇಳಿದರೆ, ಮೊದಲು ಮುಖ್ಯ ವಾಲ್ವ್ ಮುಚ್ಚಲು ಹೇಳಬೇಕು. ಸೋರುವುದು ನಲ್ಲಿಯೋ ಗೋಡೆಯೊಳಗಿನ ಪೈಪೋ ಎಂದು ಕೇಳಬೇಕು. ಆದರೆ ಹೊರಗುತ್ತಿಗೆಯವರು ಹೆಸರು, ವಿಳಾಸವನ್ನಷ್ಟೇ ಬರೆದುಕೊಂಡರು. ನಮ್ಮ ಹುಡುಗ ನಲ್ಲಿಗೆ ಹಾಕುವ ವಾಷರ್ ಹಿಡಿದು ಹೋದ. ಅಲ್ಲಿ ಗೋಡೆ ಒಡೆಯಬೇಕಿತ್ತು! ಈಗ ಆ ಕುರ್ಚಿಯಲ್ಲಿ ನಮ್ಮವರೇ ಒಬ್ಬರಿದ್ದಾರೆ. ರಜೆಯ ಸಂಬಳ, ಕಲಿಸಲು ಹಿಡಿದ ಸಮಯ ಎಲ್ಲವನ್ನೂ ಸೇರಿಸಿದರೂ ವ್ಯರ್ಥ ಓಡಾಟಕ್ಕಿಂತ ಖರ್ಚು ಕಡಿಮೆಯೇ.