ಸ್ಪಷ್ಟನೆ: ಫ್ರಾಂಚೈಸಿಗೆ ‘ಸರ್ಕಾರಿ ಮಾನ್ಯತೆ’ ಎಂಬುದಿಲ್ಲ

‘ಚಿಕ್ಕಮಗಳೂರಿನಲ್ಲಿ ಕಾಫಿ ಮಳಿಗೆಯ ಫ್ರಾಂಚೈಸಿ, ಸರ್ಕಾರದ ಮಾನ್ಯತೆ ಇದೆ, ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇದೆ, ಹೂಡಿಕೆ ಸುರಕ್ಷಿತ’ ಎಂಬ ಸಂದೇಶ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಫ್ರಾಂಚೈಸಿ ಎಂದರೆ ಶುಲ್ಕ ಕೊಟ್ಟು ಬೇರೆಯವರ ಬ್ರ್ಯಾಂಡ್ ಹೆಸರಿನಲ್ಲಿ ಮಳಿಗೆ ನಡೆಸುವ ಒಪ್ಪಂದ. ಭಾರತದಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಮಾನ್ಯತೆ ಕೊಡುವ ಇಲಾಖೆಯೂ ಇಲ್ಲ. ವ್ಯವಹಾರ ನಡೆಯುವುದು ಮುಖ್ಯವಾಗಿ 1872ರ ಕರಾರು ಕಾಯ್ದೆ ಮತ್ತು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಗಳ ಸಂಖ್ಯೆ ಆಹಾರ ಸುರಕ್ಷತೆಗೆ ಸಂಬಂಧಿಸಿದ್ದು, ಲಾಭಕ್ಕಲ್ಲ. ಅದೂ ಒಂದೊಂದು ಜಾಗಕ್ಕೆ ಬೇರೆ ಬೇರೆ: ಬೆಂಗಳೂರಿನ ಅಡುಗೆಮನೆಯ ಸಂಖ್ಯೆ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮಳಿಗೆಗೆ ಒದಗುವುದಿಲ್ಲ.

ಮುಂಗಡ ಕೊಡುವ ಮುನ್ನ, ಬ್ರ್ಯಾಂಡ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಕರಾರಿನಲ್ಲಿ ರಾಯಧನದ (ಬ್ರ್ಯಾಂಡ್ ಬಳಸಿದ್ದಕ್ಕೆ ಅದರ ಮಾಲೀಕರಿಗೆ ಕಟ್ಟುವ ಪಾಲು) ಸಾಲನ್ನು ಎರಡು ಸಲ ಓದಿ. ಅದು ಲಾಭದ ಮೇಲಲ್ಲದೆ ಒಟ್ಟು ಮಾರಾಟದ ಮೇಲಿದ್ದರೆ ನಷ್ಟದ ತಿಂಗಳಲ್ಲೂ ಕಟ್ಟಬೇಕಾಗುತ್ತದೆ. ರಜಾದಿನಗಳ ಪ್ರವಾಸಿ ಜಂಗುಳಿ ನೋಡಿ ವರ್ಷದ ವ್ಯಾಪಾರ ಲೆಕ್ಕ ಹಾಕುವವರಿಗಂತೂ ಇದು ದುಬಾರಿ ಪಾಠ. ಕಟ್ಟಿದ ಶುಲ್ಕ ಮರಳುತ್ತದೆಯೇ ಎಂಬುದೂ ಬರವಣಿಗೆಯಲ್ಲಿರಲಿ. ಬಾಯಿಮಾತನ್ನು ಆಮೇಲೆ ಸಾಬೀತುಪಡಿಸುವುದು ಕಷ್ಟ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.